ಹೊಸ ಟೀವಿ: ಮೊದಲು ಗೋಡೆ ನೋಡಿ, ಆಮೇಲೆ ಪರದೆ

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಮನೆ. ಹಂಚಿನ ಮಾಡು, ಜಂಬಿಟ್ಟಿಗೆ ಗೋಡೆ, ಹಿಂದಿನ ಹಳೇ ಭಾಗ ಮಣ್ಣಿನ ಗೋಡೆಯದು. ಮಕ್ಕಳಿಗೆ ಆರು ಮತ್ತು ಎರಡೂವರೆ ವರ್ಷ. 32 ಇಂಚಿನ ಹಳೇ ಟೀವಿ ಮೇ ತಿಂಗಳಲ್ಲಿ ಸಿಡಿಲಿಗೆ ಹೋಯಿತು. ಸ್ವಿಚ್ ಆಫ್ ಮಾಡಿಯೇ ಇದ್ದೆವು, ಆದರೂ ಸುಟ್ಟಿತು. ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ಸೋಫಾದಿಂದ ಟೀವಿ ಗೋಡೆಗೆ 8 ಅಡಿ. 40,000 ರೂಪಾಯಿ ತೆಗೆದಿಟ್ಟಿದ್ದೇವೆ. ಶಿವಮೊಗ್ಗದ ಅಂಗಡಿಯಲ್ಲಿ 55 ಇಂಚಿನ ಕ್ಯೂಎಲ್‌ಇಡಿ ತೋರಿಸಿ, ಇಷ್ಟೇ ದುಡ್ಡಿಗೆ ಕೊಡುತ್ತೇವೆ ಎಂದರು. ಮನೆಯವರು 43 ಸಾಕು ಅನ್ನುತ್ತಾರೆ. ಮಕ್ಕಳ ಕಣ್ಣಿಗೆ ಯಾವುದು ಒಳ್ಳೆಯದು? ಸ್ಟೆಬಿಲೈಸರ್ ಬೇಕಾ? ಗೋಡೆಗೆ ಹಾಕುವುದೋ, ಮೇಜಿನ ಮೇಲೆ ಇಡುವುದೋ?

ಉತ್ತರ: ನಿಮ್ಮ ಮನೆಯವರ ಲೆಕ್ಕವೇ ಸರಿ, 43 ಇಂಚು ಸಾಕು. ಟೀವಿಯನ್ನು 30,000ದೊಳಗೆ ಮುಗಿಸಿ. ಉಳಿದ ಹತ್ತು ಸಾವಿರ ಅರ್ಥಿಂಗಿಗೆ, ಮನೆಯ ಕರೆಂಟಿನ ಮೇನ್ ಬೋರ್ಡಿಗೆ, ಗೋಡೆ ಕೆಲಸಕ್ಕೆ ಇರಲಿ. ಅಂಗಡಿಯಲ್ಲಿ ಹೋಲಿಸಿ ತೋರಿಸುವುದು ಪರದೆಯ ಬಣ್ಣವನ್ನು. ಮಲೆನಾಡಿನ ಮನೆಯಲ್ಲಿ ಟೀವಿ ಸಾಯುವುದು ಸಿಡಿಲಿಗೆ, ಏರಿದ ವೋಲ್ಟೇಜಿಗೆ, ಒಳಗೆ ಇಳಿದ ನೀರಿಗೆ, ಇಲ್ಲವೇ ಮಗು ಎಸೆದ ಆಟಿಕೆಗೆ. ಈ ನಾಲ್ಕೂ ಸಾಮಾನ್ಯವಾಗಿ ವಾರಂಟಿಯ ಹೊರಗೇ. 55 ಇಂಚಿನದಕ್ಕೆ ಪೂರ್ತಿ ದುಡ್ಡು ಸುರಿದು ಹಳೇ ವೈರಿಂಗಿಗೇ ಸಿಕ್ಕಿಸಿದರೆ ಮುಂದಿನ ಭರಣಿ ಮಳೆಗೆ ಇದೇ ಪ್ರಶ್ನೆ ಮತ್ತೆ ಬರೆಯಬೇಕಾದೀತು.

ಮೊದಲು, ಸ್ವಿಚ್ ಆಫ್ ಇದ್ದರೂ ಸುಟ್ಟದ್ದು ಏಕೆ ಎಂಬುದು. ಗೋಡೆಯ ಸ್ವಿಚ್ಚು ಕತ್ತರಿಸುವುದು ಫೇಸ್ ತಂತಿಯೊಂದನ್ನು ಮಾತ್ರ. ನ್ಯೂಟ್ರಲ್ ಯಾವಾಗಲೂ ಟೀವಿಗೆ ಸೇರಿಯೇ ಇರುತ್ತದೆ. ಸ್ವಿಚ್ಚಿನೊಳಗೆ ತೆರೆದುಕೊಳ್ಳುವ ಜಾಗವೂ ಕೆಲವೇ ಮಿಲಿಮೀಟರ್. ಸಾವಿರಾರು ವೋಲ್ಟಿನ ಏಟಿಗೆ ಅದನ್ನು ಹಾರುವುದು ದೊಡ್ಡ ಮಾತಲ್ಲ. ಎರಡನೆಯ ದಾರಿ ಮಾಡಿನ ಮೇಲಿರುವ ಡಿಶ್. ಹತ್ತಿರದ ತೆಂಗಿಗೋ ಹಲಸಿಗೋ ಸಿಡಿಲು ಬಡಿದರೆ ಸಾಕು, ಡಿಶ್ ಕೇಬಲ್ಲಿನಲ್ಲಿ ವೋಲ್ಟೇಜು ಹುಟ್ಟುತ್ತದೆ. ಅಲ್ಲಿಂದ ಸೆಟ್‌ಟಾಪ್ ಬಾಕ್ಸು, ಬಾಕ್ಸಿನಿಂದ ಎಚ್‌ಡಿಎಂಐ ವೈರು, ವೈರಿನಿಂದ ಟೀವಿಯ ಮೇನ್ ಬೋರ್ಡು. ನಿಮ್ಮ ಹಳೇ ಟೀವಿಯ ಕೆಂಪು ದೀಪ ಇನ್ನೂ ಹತ್ತುತ್ತಿದ್ದು ಚಿತ್ರ ಮಾತ್ರ ಬಾರದಿದ್ದರೆ, ಜೊತೆಗೆ ಬಾಕ್ಸೂ ಸತ್ತಿದ್ದರೆ, ಏಟು ಬಂದದ್ದು ಬಹುಪಾಲು ಡಿಶ್ ಕಡೆಯಿಂದ. ದೀಪವೇ ಹತ್ತದಿದ್ದರೆ ಕರೆಂಟಿನ ಕಡೆಯಿಂದ. ಆಗ ಕೆಟ್ಟಿರುವುದು ಪವರ್ ಬೋರ್ಡು ಮಾತ್ರ ಇರಬಹುದು, ಅದರ ರಿಪೇರಿ ಅಗ್ಗ. ಗುಜರಿಗೆ ಕೊಡುವ ಮೊದಲು ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ.

ಹಾಗಾಗಿ ಕೀಳಬೇಕಾದವು ಮೂರು: ಕರೆಂಟಿನ ಪ್ಲಗ್ಗು, ಡಿಶ್ ಕೇಬಲ್ಲು, ರೂಟರಿನಿಂದ ಬರುವ ಲ್ಯಾನ್ ವೈರು. ಫೈಬರ್ ಇಂಟರ್ನೆಟ್ ಇದ್ದರೆ ಆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ರೂಟರಿನ ಅಡಾಪ್ಟರು ಕರೆಂಟಿಗೇ ತಾನೇ ಸೇರಿರುವುದು? ಅದನ್ನೂ ಕೀಳಿ. ಡಿಶ್ ಕೇಬಲ್ಲಿನ ತಿರುಪನ್ನು ದಿನಾ ಬಿಚ್ಚಿ ಹಾಕುವುದು ಯಾರಿಗೂ ಆಗದ ಕೆಲಸ, ಎರಡನೇ ವಾರಕ್ಕೇ ಬಿಟ್ಟುಬಿಡುತ್ತೀರಿ. ತಿರುಪಿನ ಬದಲು ಒತ್ತಿ ಸಿಕ್ಕಿಸುವ ಪಿನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಾಕಿಸಿಕೊಳ್ಳಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಮೂರರಿಂದ ಭಾಗಿಸಿದರೆ ಕಿಲೋಮೀಟರ್. ಮೂವತ್ತು ಸೆಕೆಂಡಿಗಿಂತ ಕಡಿಮೆಯಾಯಿತೆಂದರೆ ಸಿಡಿಲು 10 ಕಿಲೋಮೀಟರಿನೊಳಗಿದೆ. ಕೀಳುವ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕು. ನೆತ್ತಿಯ ಮೇಲೆ ಗುಡುಗುತ್ತಿರುವಾಗ ವೈರು ಹಿಡಿಯಲು ಹೋಗಬೇಡಿ, ಟೀವಿ ಹೋದರೆ ಹೋಗಲಿ. ಮನೆಯಿಂದ ಎಲ್ಲರೂ ಹೊರಡುವ ದಿನ ಮೋಡ ನೋಡದೆಯೇ ಮೂರನ್ನೂ ಕಿತ್ತು ಹೊರಡಿ.

ಇನ್ನು ಅರ್ಥಿಂಗ್. ಟೀವಿಯ ಪ್ಲಗ್ಗಿಗೆ ಎರಡೇ ಕಡ್ಡಿ, ಅದಕ್ಕೇಕೆ ಅರ್ಥ್ ಎಂದು ಕೇಳುವವರಿದ್ದಾರೆ. ಅರ್ಥ್ ಬೇಕಾದದ್ದು ಮನೆಯ ಮೇನ್ ಬೋರ್ಡಿನಲ್ಲಿ ಕೂರುವ ಸರ್ಜ್ ಪ್ರೊಟೆಕ್ಟರಿಗೆ ಮತ್ತು ಡಿಶ್ಶಿನ ಕಂಬಕ್ಕೆ. ಬಂದ ಏಟನ್ನು ನೆಲಕ್ಕೆ ಇಳಿಸುವುದು ಆ ಪ್ರೊಟೆಕ್ಟರಿನ ಕೆಲಸ, ಇಳಿಸಲು ನೆಲವೇ ಸಿಗದಿದ್ದರೆ ಅದು ಬರೀ ಅಲಂಕಾರ. ಜಂಬಿಟ್ಟಿಗೆ ನೆಲದ ತೊಂದರೆ ಏನೆಂದರೆ ಮಳೆನೀರು ಅದರಲ್ಲಿ ನಿಲ್ಲದೆ ಬಸಿದು ಹೋಗುತ್ತದೆ. ಜುಲೈಯಲ್ಲಿ ಒದ್ದೆ ಮುದ್ದೆಯಾಗಿರುವ ನೆಲ ಏಪ್ರಿಲ್ ಹೊತ್ತಿಗೆ ಹೆಂಟೆಯಂತೆ ಒಣಗುತ್ತದೆ. ಒಣನೆಲ ವಿದ್ಯುತ್ತನ್ನು ಸರಿಯಾಗಿ ಹೀರುವುದಿಲ್ಲ. ಸಿಡಿಲಿನ ಕಾಲ ಶುರುವಾಗುವುದೂ ಆಗಲೇ, ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಅಡ್ಡಮಳೆಗಳಲ್ಲಿ. ಅರ್ಥಿಂಗ್ ಅತ್ಯಂತ ಬಡವಾಗಿರುವ ತಿಂಗಳಲ್ಲೇ ಅದರ ಅಗತ್ಯ ಅತ್ಯಂತ ಹೆಚ್ಚು.

ಅದಕ್ಕೇ ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ, ತೋಟದಂಚಿನ ತಂಪು ಜಾಗದಲ್ಲಿ ತೆಗೆಸಿ. ಮೂರು ಮೀಟರಿನ ತಾಮ್ರದ ಲೇಪದ ರಾಡು, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಪುಡಿ. ಇದ್ದಿಲು-ಉಪ್ಪಿನ ಹಳೇ ಕ್ರಮವೂ ನಡೆಯುತ್ತದೆ, ಆದರೆ ನಮ್ಮ ಮಳೆಗೆ ಉಪ್ಪು ಕೆಲವೇ ವರ್ಷದಲ್ಲಿ ತೊಳೆದುಹೋಗಿ ಮತ್ತೆ ತುಂಬಬೇಕಾಗುತ್ತದೆ. ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ವಾರಕ್ಕೆರಡು ಕೊಡ ನೀರು ಆ ಗುಂಡಿಗೆ ಬೀಳಲಿ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥ್ ಟೆಸ್ಟರಿನಲ್ಲಿ ಅಳೆದು ತೋರಿಸಲು ಹೇಳಿ. 5 ಓಮ್‌ಗಿಂತ ಕಡಿಮೆ ಬಂದರೆ ಚೆನ್ನ. ಅಳತೆ ಬೇಸಿಗೆಯಲ್ಲೇ ಆಗಬೇಕು, ಮಳೆಗಾಲದ ಅಳತೆ ಸುಳ್ಳು ಸಮಾಧಾನ.

ಸರ್ಜ್ ಪ್ರೊಟೆಕ್ಟರು ಕೊಳ್ಳುವಾಗ ಟೈಪ್ 2 ಎಂದು ಕೇಳಿ. ಅದರ ಮೇಲೆ 275 ವೋಲ್ಟ್ ಅಥವಾ 320 ವೋಲ್ಟ್ ಎಂದು ಬರೆದಿರುತ್ತದೆ. ಹಳ್ಳಿ ಲೈನಿಗೆ 320ರದ್ದೇ ಬೇಕು. ರಾತ್ರಿ ಹೊತ್ತು ವೋಲ್ಟೇಜು 260 ದಾಟುವ ಕಡೆ 275ರದ್ದು ಸಿಡಿಲಿಲ್ಲದೆಯೂ ದಿನದಿನವೂ ಸವೆಯುತ್ತದೆ. ಪ್ರೊಟೆಕ್ಟರಿನಿಂದ ಅರ್ಥ್ ಪಟ್ಟಿಗೆ ಹೋಗುವ ವೈರು ಗಿಡ್ಡಗಿರಬೇಕು, ಅರ್ಧ ಮೀಟರಿಗಿಂತ ಹೆಚ್ಚು ಬೇಡ. ಸುರುಳಿ ಸುತ್ತಿ ಅಂದವಾಗಿ ಮಡಿಸಿದರೆ ಅದರ ಕೆಲಸ ಅರ್ಧ ಕೆಟ್ಟಂತೆ. ಮುಂದೆ ಒಂದು ಪುಟ್ಟ ಹಸಿರು ಕಿಟಕಿ ಇರುತ್ತದೆ. ಕೆಂಪಾದರೆ ಒಳಗಿನ ತುಂಡು ಬದಲಿಸಬೇಕು. ಮುನ್ನೂರು ರೂಪಾಯಿಯ ಸ್ಪೈಕ್ ಗಾರ್ಡ್ ಪಟ್ಟಿ ಸಣ್ಣಪುಟ್ಟ ಏರಿಳಿತಕ್ಕೆ ಸರಿ, ಇಷ್ಟರ ಬದಲಿಗಲ್ಲ. ಮನೆಗೇ ಅಥವಾ ಮನೆಯ ಕಂಬಕ್ಕೇ ಬಡಿದ ಸಿಡಿಲಿಗೆ ಇವು ಯಾವುವೂ ಎದುರು ನಿಲ್ಲುವುದಿಲ್ಲ, ಅದಕ್ಕೆ ಕಿತ್ತಿಟ್ಟ ಪ್ಲಗ್ಗೊಂದೇ ಮದ್ದು.

ಸ್ಟೆಬಿಲೈಸರ್ ಬೇಡ. ಟೀವಿಯ ಹಿಂಬದಿಯ ಚೀಟಿ ನೋಡಿ: ಬಹಳಷ್ಟು ಮಾದರಿಗಳಲ್ಲಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಸಂಜೆ ಹೊತ್ತು ಪಂಪ್‌ಸೆಟ್ಟುಗಳು ಓಡುವಾಗ 150ಕ್ಕೆ ಇಳಿದರೂ ಇಂಥ ಟೀವಿಗೆ ಏನೂ ಆಗುವುದಿಲ್ಲ. ಹೆದರಬೇಕಾದದ್ದು ಏರಿದ ವೋಲ್ಟೇಜಿಗೆ. ಗಾಳಿಮಳೆಗೆ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ಹರಿದರೆ, ಸಿಂಗಲ್ ಫೇಸ್ ಮನೆಗೂ 300 ದಾಟಿ ಬರಬಹುದು. ಟೀವಿಯೊಳಗಿನ ದೊಡ್ಡ ಕೆಪಾಸಿಟರು ಸಾಮಾನ್ಯವಾಗಿ 400ರಿಂದ 450 ವೋಲ್ಟ್ ಡಿಸಿ ತಡೆಯುವಂಥದ್ದು. 300 ವೋಲ್ಟ್ ಎಸಿ ಬಂದರೆ ಅದರ ಮೇಲೆ ಬೀಳುವುದು 424. ಟಪ್ ಎಂದು ಸಿಡಿಯುವ ಸದ್ದು ಅದರದೇ. ಇದಕ್ಕೆ ಮನೆಯ ಮೇನ್ ಬೋರ್ಡಿನಲ್ಲಿ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರು ಸರಿಯಾದ ಉಪಾಯ. ಸಾವಿರದಿಂದ ಒಂದೂವರೆ ಸಾವಿರದ ವಸ್ತು, 270ರ ಹತ್ತಿರ ಇಡೀ ಮನೆಯ ಕರೆಂಟು ಕತ್ತರಿಸಿ, ಸರಿಯಾದ ಮೇಲೆ ತಾನೇ ಕೊಡುತ್ತದೆ. ಫ್ರಿಜ್ಜು, ಮಿಕ್ಸಿ, ಮೊಬೈಲ್ ಚಾರ್ಜರು ಎಲ್ಲವೂ ಅದರ ನೆರಳಿಗೆ ಬರುತ್ತವೆ. ಇನ್ವರ್ಟರ್ ಇದ್ದರೆ ಸೈನ್‌ವೇವ್ ಇರಲಿ. 150 ಎಎಚ್ ಬ್ಯಾಟರಿ ಆರೋಗ್ಯವಾಗಿದ್ದರೆ 43 ಇಂಚಿನ ಟೀವಿ, ರೂಟರು, ಒಂದು ಫ್ಯಾನು, ಮೂರು ದೀಪಗಳನ್ನು ನಾಲ್ಕೈದು ಗಂಟೆ ಎಳೆಯುತ್ತದೆ.

ಈಗ ಗೋಡೆ. ಎರಡೂವರೆ ವರ್ಷದ ಮಗು ಇರುವ ಮನೆಯಲ್ಲಿ ಟೀವಿ ಮೇಜಿನ ಮೇಲೆ ಬೇಡ. ಹಳೇ ಡಬ್ಬಾ ಟೀವಿ ಭಾರಕ್ಕೇ ಕುಳಿತಿರುತ್ತಿತ್ತು. ಈಗಿನ 43 ಇಂಚಿನದು ಏಳೆಂಟು ಕಿಲೋ, ಎರಡು ಕಡ್ಡಿಕಾಲಿನ ಮೇಲೆ ನಿಂತಿರುತ್ತದೆ. ಮಗು ಮೇಲಂಚು ಹಿಡಿದು ಎಳೆದರೆ ನೇರವಾಗಿ ತಲೆಯ ಮೇಲೆ ಬರುತ್ತದೆ. ಡ್ರಾಯರ್ ಇರುವ ಶೋಕೇಸಿನ ಮೇಲಿಡುವುದು ಇನ್ನೂ ಅಪಾಯ, ಎಳೆದ ಡ್ರಾಯರು ಮಗುವಿಗೆ ಮೆಟ್ಟಿಲಾಗುತ್ತದೆ. ಇದೇ ಕಾರಣಕ್ಕೆ, ಗೋಡೆಗೆ ಹಾಕಿದ ಟೀವಿಯ ಕೆಳಗೂ ಮೇಜು, ಸ್ಟೂಲು, ಕಾಲುಮಣೆ ಏನೂ ಇರಬಾರದು. ಸೆಟ್‌ಟಾಪ್ ಬಾಕ್ಸಿಗೆ ಪಕ್ಕದಲ್ಲಿ ಐದಡಿ ಎತ್ತರಕ್ಕೆ ಒಂದು ಗೇಣಗಲದ ಹಲಗೆ ಹೊಡೆಸಿದರೆ ಸಾಕು.

ಯಾವ ಗೋಡೆ? ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ, ಆ ಭಾಗ ಬಿಡಿ. ಪಶ್ಚಿಮದ ಹೊರಗೋಡೆಯೂ ಬೇಡ. ಮುಂಗಾರಿನ ಇರಿಚಲು ಹೊಡೆಯುವುದು ಆ ಕಡೆಯಿಂದ. ಆಷಾಢದ ಹೊತ್ತಿಗೆ ಒಳಮೈಯಲ್ಲೂ ತೇವ ಒಸರುತ್ತದೆ. ಕೋಣೆಗಳ ನಡುವಿನ ಒಳಗೋಡೆ ಸಿಕ್ಕರೆ ಅದೇ ಒಳ್ಳೆಯದು. ಮಾಡಿನಲ್ಲಿ ಗಾಜಿನ ಹಂಚು ಎಲ್ಲಿದೆ ನೋಡಿಕೊಳ್ಳಿ. ಮಧ್ಯಾಹ್ನ ಅದರ ಬೆಳಕಿನ ಚೌಕ ಪರದೆಗೆ ಬಿದ್ದರೆ ಯಾವ ಕ್ಯೂಎಲ್‌ಇಡಿಯೂ ಗೆಲ್ಲುವುದಿಲ್ಲ. ಬಚ್ಚಲೊಲೆಯ ಹೊಗೆ ನುಗ್ಗುವ ಬಾಗಿಲಿನ ಎದುರೂ ಬೇಡ, ಮಸಿ ಮತ್ತು ತೇವ ಸೇರಿದರೆ ಬೋರ್ಡಿನ ಮೇಲೆ ಅಂಟಿನಂಥ ಪದರ ಕೂರುತ್ತದೆ.

ಜಂಬಿಟ್ಟಿಗೆಗೆ ಬ್ರಾಕೆಟ್ ಹಾಕುವುದರಲ್ಲಿ ಕೈಚಳಕ ಬೇಕು. ಕಂಪನಿಯಿಂದ ಬರುವ ಹುಡುಗರು ಕಾಂಕ್ರೀಟು, ಇಟ್ಟಿಗೆಯ ಲೆಕ್ಕದಲ್ಲಿ ಸುತ್ತಿಗೆ ಹೊಡೆತದ ಡ್ರಿಲ್ ಒತ್ತುತ್ತಾರೆ. ಕಲ್ಲು ತೂತುತೂತಿನದು, ಮೆತ್ತನೆಯದು. 8 ಮಿಲಿಮೀಟರಿನ ತೂತು 12 ಆಗಿಹೋಗುತ್ತದೆ, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಗಿಟ್ಟಿ ಒಳಗೆ ಗಿರಗಿರ ತಿರುಗುತ್ತದೆ. ಕೊಡುವ ಎರಡಿಂಚಿನ ಸ್ಕ್ರೂನಲ್ಲಿ ಮುಕ್ಕಾಲಿಂಚು ಗಾರೆಯಲ್ಲೇ ಮುಗಿದುಹೋಗುತ್ತದೆ. ಅವರಿಗೆ ಸುತ್ತಿಗೆ ಹೊಡೆತ ನಿಲ್ಲಿಸಿ ಬರೀ ತಿರುಗಿಸುತ್ತಾ ಕೊರೆಯಲು ಹೇಳಿ. 10 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಉದ್ದದ ನೈಲಾನ್ ಗಿಟ್ಟಿಗಳನ್ನು ಮೊದಲೇ ತಂದಿಡಿ. ಕೊರೆಯುವುದು ಕಲ್ಲಿನ ನಡುವೆ, ಸಂದಿಯಲ್ಲಲ್ಲ. ತೂತಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆದೇ ಗಿಟ್ಟಿ ಹೊಡೆಯಬೇಕು, ಪುಡಿ ಉಳಿದರೆ ಹಿಡಿತವಿಲ್ಲ.

ಇಷ್ಟಾದರೂ ಗಿಟ್ಟಿ ತಿರುಗಿದರೆ ಜಗಳ ಬೇಡ, ಹಲಗೆ ಹಾಕಿಸಿ. ಮುಕ್ಕಾಲಿಂಚು ದಪ್ಪದ, ಎರಡೂವರೆ ಅಡಿಗೆ ಒಂದೂಕಾಲು ಅಡಿಯ ಹಲಸಿನ ಅಥವಾ ಸಾಗುವಾನಿ ಹಲಗೆ, ಎಂಟು ಕಡೆ ಗೋಡೆಗೆ ಬಿಗಿ, ಅದರ ಮೇಲೆ ಬ್ರಾಕೆಟ್. ಭಾರ ಎಂಟು ಕಡೆ ಹಂಚಿಹೋಗುತ್ತದೆ, ಗೋಡೆಯ ತೇವಕ್ಕೂ ಟೀವಿಗೂ ನಡುವೆ ಅಂತರ ಸಿಗುತ್ತದೆ. ನನ್ನನ್ನು ಕೇಳಿದರೆ ಹಂಚಿನ ಮನೆಗಳಿಗೆಲ್ಲ ಮೊದಲಿಗೇ ಇದನ್ನೇ ಮಾಡುವುದು ಮೇಲು, ಊರಿನ ಆಚಾರ್ಯರಿಗೆ ಅರ್ಧ ದಿನದ ಕೆಲಸ. ಟೀವಿ ತಗುಲಿಸುವ ಮೊದಲು 25 ಕೆ.ಜಿ. ಅಕ್ಕಿ ಮೂಟೆಯನ್ನು ಹಗ್ಗದಿಂದ ಬ್ರಾಕೆಟ್ಟಿಗೆ ನೇತುಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಂದು ಕೂದಲೆಳೆಯಷ್ಟು ಜಗ್ಗಿದ್ದರೂ ಮತ್ತೆ ಬಿಚ್ಚಿ ಮಾಡಿಸಿ.

ಬ್ರಾಕೆಟ್ ಗೋಡೆಗೆ ಅಂಟಿದಂತಿರುವ, ಸ್ವಲ್ಪ ಕೆಳಕ್ಕೆ ಬಾಗುವ ಜಾತಿಯದಿರಲಿ. ತೋಳು ಚಾಚಿ ಆಚೀಚೆ ತಿರುಗುವುದು ಬೇಡ. ತೋಳು ಹೊರಗೆಳೆದಾಗ ಮೇಲಿನ ಸ್ಕ್ರೂಗಳ ಮೇಲಿನ ಎಳೆತ ಹಲವು ಪಟ್ಟಾಗುತ್ತದೆ, ಮಕ್ಕಳಿಗೆ ಅದು ಉಯ್ಯಾಲೆಯೂ ಹೌದು. ಟೀವಿಯ ಹಿಂದೆ ನಾಲ್ಕು ತೂತುಗಳ ಅಂತರ ಮಿಲಿಮೀಟರಿನಲ್ಲಿ ಬರೆದಿರುತ್ತದೆ, 200 × 200 ಎಂದೋ ಮತ್ತೊಂದೋ. ಬ್ರಾಕೆಟ್ ಅದಕ್ಕೆ ಹೊಂದಬೇಕು. ಸ್ಕ್ರೂ ಪುಸ್ತಕದಲ್ಲಿ ಹೇಳಿದ ಉದ್ದದ್ದೇ ಆಗಿರಲಿ. ಉದ್ದ ಹೆಚ್ಚಾದರೆ ತುದಿ ಒಳಗಿನಿಂದ ಪರದೆಯನ್ನೇ ಒತ್ತಿ ಒಡೆಯುತ್ತದೆ, ಹೊಸ ಟೀವಿಯ ಮೊದಲ ದಿನವೇ ಹೀಗೆ ಆಗುವುದುಂಟು. ಪರದೆಯ ಕೆಳಂಚು ನೆಲದಿಂದ ಮೂರಡಿ ಇರಲಿ, ನಾಲ್ಕೈದು ಡಿಗ್ರಿ ಮುಂದಕ್ಕೆ ಬಾಗಿರಲಿ. ಸೋಫಾದವರಿಗೂ ಚಾಪೆಯ ಮೇಲಿನ ಮಕ್ಕಳಿಗೂ ಕತ್ತು ನೋಯುವುದಿಲ್ಲ. ಚಿಕ್ಕವನ ಬೆರಳು ಕೆಳಂಚಿಗೆ ತಾಗುತ್ತದೆ ನಿಜ, ಆದರೆ ಜೋತುಬೀಳಲು ಸಿಗುವುದಿಲ್ಲ. ಸಾಕೆಟ್ಟು ಟೀವಿಯ ಹಿಂದೆ ಅಡಗಿರುವುದು ಬೇಡ. ಪಕ್ಕದಲ್ಲಿ ಐದಡಿ ಎತ್ತರಕ್ಕೆ ಹಾಕಿಸಿದರೆ ಮಗುವಿಗೆ ಎಟುಕದು, ಗುಡುಗಿದಾಗ ನಿಮಗೆ ಕೀಳಲು ಸುಲಭ.

ಪರದೆಯ ಅಳತೆಗೆ ಬರೋಣ. 43 ಇಂಚಿನದು 95 ಸೆಂಟಿಮೀಟರ್ ಅಗಲ, 54 ಎತ್ತರ; 55ರದ್ದು 122 ಮತ್ತು 69. ಕೂರುವ ದೂರ ಪರದೆಯ ಮೂಲೆಯಿಂದ ಮೂಲೆಯ ಅಳತೆಗೆ ಒಂದೂವರೆಯಿಂದ ಎರಡೂವರೆ ಪಟ್ಟು ಇದ್ದರೆ ಹಿತ. ನಿಮ್ಮ 8 ಅಡಿಗೆ ಎರಡೂ ಹೊಂದುತ್ತವೆ, ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಮಕ್ಕಳು ಸೋಫಾದಲ್ಲಿ ಕೂರುವುದಿಲ್ಲ, ನಾಲ್ಕಡಿಗೆ ಬಂದು ಚಕ್ಕಳಮಕ್ಕಳ ಹಾಕುತ್ತಾರೆ. ಅಷ್ಟು ಹತ್ತಿರಕ್ಕೆ 55 ಎಂದರೆ ಕತ್ತು ಆಚೆಯಿಂದ ಈಚೆಗೆ ತಿರುಗಿಸುತ್ತಾ ನೋಡಬೇಕು. ಇನ್ನೊಂದು, ಸೆಟ್‌ಟಾಪ್ ಬಾಕ್ಸಿನ ಸಾಮಾನ್ಯ ದರ್ಜೆಯ ಚಾನೆಲ್‌ಗಳು ದೊಡ್ಡ ಪರದೆಯಲ್ಲಿ ಮಸುಕು ಮಸುಕಾಗಿ ಹಿಗ್ಗುತ್ತವೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಆದ್ದರಿಂದ ತೆರಿಗೆ ಉಳಿಸಲು 32ಕ್ಕೆ ಇಳಿಯುವ ಕಾರಣವೂ ಈಗಿಲ್ಲ.

ಕ್ಯೂಎಲ್‌ಇಡಿ ಎಂಬುದು ಬೇರೆ ಜಾತಿಯ ಟೀವಿಯೇನಲ್ಲ. ಅದೇ ಎಲ್‌ಸಿಡಿ, ಹಿಂದೆ ಬಣ್ಣ ಹೆಚ್ಚಿಸುವ ಒಂದು ಪದರ. ಸಿಕ್ಕರೆ ಸಂತೋಷ, ಅದಕ್ಕಾಗಿ ಐದಾರು ಸಾವಿರ ಹೆಚ್ಚು ಕೊಡಬೇಡಿ. ನೋಡಬೇಕಾದದ್ದು ಒಳಗಿನ ಪ್ಯಾನೆಲ್: ಐಪಿಎಸ್ ಆದರೆ ಪಕ್ಕದಿಂದ, ನೆಲದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ವಿಎ ಆದರೆ ಕಪ್ಪು ಚೆನ್ನ, ಬದಿಗೆ ಸರಿದರೆ ಬಣ್ಣ ತೆಳುವಾಗುತ್ತದೆ. ಹತ್ತಡಿ ಅಗಲದ ಹಾಲಿನಲ್ಲಿ ಮೂಲೆಮೂಲೆಗೆ ಕೂರುವ ಕುಟುಂಬಕ್ಕೆ ಐಪಿಎಸ್ ವಾಸಿ. ಅಂಗಡಿಯವರಿಗೆ ಹೆಸರು ಗೊತ್ತಿಲ್ಲದಿದ್ದರೆ ಟೀವಿಯ ಪಕ್ಕ ಹೋಗಿ ನಿಂತು, ಆಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿ, ಮುಖದ ಬಣ್ಣ ಬೂದಿಯಾಗುತ್ತದೋ ಇಲ್ಲವೋ. ಪರದೆಯ ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ ನಿಮ್ಮ ಬಜೆಟ್ಟಿಗೆ ದೂರ. ಹತ್ತಿರವಿದ್ದರೂ ದಿನವಿಡೀ ಒಂದೇ ಕಾರ್ಟೂನ್ ಚಾನೆಲ್ಲಿನ ಗುರುತು ಮೂಲೆಯಲ್ಲಿರುವ ಮನೆಗೆ ಅದು ತಕ್ಕದ್ದಲ್ಲ, ಗುರುತಿನ ನೆರಳು ಪರದೆಯಲ್ಲಿ ಉಳಿದುಬಿಡಬಹುದು.

ಸ್ಮಾರ್ಟ್ ಭಾಗದಲ್ಲಿ ರ‍್ಯಾಮ್ 2 ಜಿಬಿ ಇರಲೇಬೇಕು. 1 ಜಿಬಿಯದು ಎರಡು ವರ್ಷಕ್ಕೆ ಆಮೆಯಾಗುತ್ತದೆ. ಅಗ್ಗದ ಕೆಲವು ಟೀವಿಗಳ ಮೇಲೆ ಆಂಡ್ರಾಯ್ಡ್ ಎಂದು ಬರೆದಿದ್ದರೂ ಒಳಗೆ ಗೂಗಲ್ ಪ್ಲೇ ಸ್ಟೋರ್ ಇರುವುದಿಲ್ಲ, ಮಕ್ಕಳ ಲಾಕ್ ವ್ಯವಸ್ಥೆಯೂ ಇರುವುದಿಲ್ಲ. ಅಂಗಡಿಯಲ್ಲೇ ಪ್ಲೇ ಸ್ಟೋರ್ ತೆರೆಸಿ ನೋಡಿ. ಗೂಗಲ್ ಟೀವಿಯಾದರೆ ಮಕ್ಕಳ ಪ್ರೊಫೈಲ್ ಮಾಡಿ ದಿನಕ್ಕೆ ಇಷ್ಟು ನಿಮಿಷ, ರಾತ್ರಿ ಇಷ್ಟು ಗಂಟೆಗೆ ಬಂದ್ ಎಂದು ಇಡಬಹುದು. ಯೂಟ್ಯೂಬಿನಲ್ಲಿ ಒಂದು ಮುಗಿದೊಡನೆ ಮತ್ತೊಂದು ತಾನೇ ಶುರುವಾಗುವ ಆಟೋಪ್ಲೇಯನ್ನು ಮೊದಲ ದಿನವೇ ಆಫ್ ಮಾಡಿ. ರಿಮೋಟಿನ ಮೈಕ್ ಗುಂಡಿಯನ್ನೂ ಮರೆಯಬೇಡಿ: ಓದಲು ಬಾರದ ಮಗು ಬಾಯಲ್ಲಿ ಹೇಳಿ ಏನನ್ನು ಬೇಕಾದರೂ ತೆರೆಯುತ್ತದೆ. ಅದಕ್ಕೆ ಬೀಗವೆಂದರೆ ಪಿನ್ ಇಟ್ಟ ದೊಡ್ಡವರ ಪ್ರೊಫೈಲ್. ಒಂದೂವರೆ ಅಡಿಯ ಜಂಬಿಟ್ಟಿಗೆ ಗೋಡೆ ವೈಫೈಯನ್ನು ನುಂಗುತ್ತದೆ, 5 ಗಿಗಾಹರ್ಟ್ಸ್ ಅಂತೂ ಎರಡನೇ ಗೋಡೆ ದಾಟುವುದೇ ಕಷ್ಟ. ರೂಟರು ಹಾಲಿನಲ್ಲೇ ಇರಲಿ, ಇಲ್ಲವೇ ಲ್ಯಾನ್ ವೈರ್ ಎಳೆಸಿ.

ಕಣ್ಣಿನ ವಿಷಯ. ಎಲ್‌ಇಡಿಯೋ ಕ್ಯೂಎಲ್‌ಇಡಿಯೋ ಎಂಬುದರಿಂದ ಕಣ್ಣಿಗೆ ಹೆಚ್ಚು ವ್ಯತ್ಯಾಸವಿಲ್ಲ. ಅಂಗಡಿಯಲ್ಲಿ ಟೀವಿ ಇರುವುದು ಕಣ್ಣು ಕುಕ್ಕುವ ವಿವಿಡ್ ಮೋಡಿನಲ್ಲಿ, ಮನೆಗೆ ಬಂದ ಮೇಲೂ ಹಾಗೇ ಬಿಡುವವರೇ ಹೆಚ್ಚು. ಸಿನಿಮಾ ಮೋಡಿಗೆ ಬದಲಿಸಿ, ಬ್ಯಾಕ್‌ಲೈಟನ್ನು 40-50ರ ನಡುವಿಗೆ ಇಳಿಸಿ. ಹಂಚಿನ ಮನೆಯ ನಸುಗತ್ತಲಿಗೆ ಅಷ್ಟೇ ಧಾರಾಳ. ಟೀವಿಯ ಹಿಂದೊಂದು ಮಂದ ದೀಪ ಉರಿಯಲಿ. ಮಗು ಎಷ್ಟು ಹೇಳಿದರೂ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗುತ್ತಿದ್ದರೆ ಅದು ಹಟವೇ ಆಗಿರಬೇಕೆಂದಿಲ್ಲ, ದೂರದೃಷ್ಟಿ ಮಸುಕಾಗಿರಬಹುದು. ಕಣ್ಣಿನ ವೈದ್ಯರಿಗೆ ತೋರಿಸಿ. ಹೊತ್ತಿನ ಮಿತಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಲ್ಲ, ಕಡಿಮೆಯಾದಷ್ಟೂ ಒಳ್ಳೆಯದು. ಊಟ ಮಾಡಿಸಲು ಟೀವಿ ಹಾಕುವ ಅರ್ಧ ಗಂಟೆಯೂ ಅದರಲ್ಲೇ ಸೇರಿತು.

ರಿಮೋಟಿನ ಬ್ಯಾಟರಿ ನೋಡಿಕೊಳ್ಳಿ. ಕಡ್ಡಿ ಬ್ಯಾಟರಿಯದಾದರೆ ಚಿಂತೆ ಕಡಿಮೆ. ಬಿಲ್ಲೆಯಂಥ ಬ್ಯಾಟರಿಯದಾದರೆ ಮುಚ್ಚಳಕ್ಕೆ ತಿರುಪು ಇರಲೇಬೇಕು. 20 ಮಿಲಿಮೀಟರಿನ ಆ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಬಲ್ಲದು. ನುಂಗಿರುವ ಅನುಮಾನ ಬಂದರೂ ವಾಂತಿ ಮಾಡಿಸದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ವರ್ಷ ತುಂಬಿದ ಮಗುವಾದರೆ, ಪ್ರಜ್ಞೆಯಿದ್ದು ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಸಲದವರೆಗೆ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಮಳೆಗಾಲದ ಆರೈಕೆ ಸರಳ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ನಿಮ್ಮ ಕಡೆಯೂ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಟೀವಿ ಓಡಿದರೆ ಒಳಗಿನ ಬಿಸಿಗೆ ಬೋರ್ಡು ಒಣಗುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟರೇ ಕೇಡು, ಅದರಲ್ಲೂ ಪ್ಲಾಸ್ಟಿಕ್ ಹೊದಿಕೆಯೊಳಗೆ. ಹತ್ತಿಬಟ್ಟೆ ಹೊದಿಸಿ, ಟೀವಿ ಹಾಕುವಾಗ ತೆಗೆಯಿರಿ. ಹಿಂದಿನ ಗಾಳಿಕಿಂಡಿಗಳಿಗೆ ಹಲ್ಲಿ ಹೋಗುತ್ತದೆಂದು ಟೇಪು ಅಂಟಿಸಬೇಡಿ, ಬಿಸಿ ಹೊರಹೋಗಲು ಇರುವ ದಾರಿ ಅದೊಂದೇ. ಪರದೆ ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಮಗುವಿನ ಜಿಡ್ಡುಕೈ ಗುರುತಿಗೆ ಬಟ್ಟೆಯ ಮೂಲೆಯನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿಕೊಳ್ಳಿ. ಪರದೆಗೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ. ಹನಿ ಇಳಿದು ಕೆಳಂಚಿನ ಸಂದಿಗೆ ಹೋಗುತ್ತದೆ, ಪರದೆಗೆ ಅಂಟಿಸಿದ ಕೂದಲಿನಂಥ ತಂತಿಪಟ್ಟಿಗಳು ಇರುವುದು ಅಲ್ಲೇ. ಕೆಲವು ದಿನ ಬಿಟ್ಟು ಮೇಲಿಂದ ಕೆಳಕ್ಕೆ ಬಣ್ಣದ ಗೆರೆಗಳು ಮೂಡುತ್ತವೆ. ಆಮೇಲೆ ಹೊಸ ಪ್ಯಾನೆಲ್ಲೇ ಬೇಕು, ಅದರ ಬೆಲೆ ಹೆಚ್ಚುಕಡಿಮೆ ಹೊಸ ಟೀವಿಯ ಬೆಲೆ.

ಬಿರುಮಳೆಗೆ ಡಿಶ್ ಸಿಗ್ನಲ್ ಹೋಗುವುದನ್ನು ಯಾವ ಟೀವಿಯೂ ತಪ್ಪಿಸಲಾರದು. ಆಗ್ನೇಯ ದಿಕ್ಕಿನ ಆಕಾಶಕ್ಕೆ ಹತ್ತಿರದ ಅಡಿಕೆ, ಹಲಸಿನ ತಲೆ ಅಡ್ಡ ಬಾರದಂತೆ ನೋಡಿಕೊಳ್ಳಿ. 60 ಸೆಂಟಿಮೀಟರಿನ ಬುಟ್ಟಿಯ ಬದಲು 90ರದ್ದು ಹಾಕಿಸಿದರೆ ಸೋನೆಮಳೆಗೆ ತಡೆಯುತ್ತದೆ.

ಕೊಳ್ಳುವ ದಿನ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ. ನಿಮ್ಮ ಪಿನ್‌ಕೋಡಿಗೆ ಕಂಪನಿಯ ಸರ್ವಿಸ್‌ನವರು ಮನೆಗೇ ಬರುತ್ತಾರೋ, ಇಲ್ಲ ಟೀವಿಯನ್ನು ಶಿವಮೊಗ್ಗಕ್ಕೆ ಹೊತ್ತು ತರಬೇಕೋ? ಪ್ಯಾನೆಲ್ಲಿಗೆ ವಾರಂಟಿ ಎಷ್ಟು ವರ್ಷ? ಉತ್ತರವನ್ನು ಬಿಲ್ಲಿನ ಮೇಲೆ, ಸೀರಿಯಲ್ ನಂಬರಿನ ಜೊತೆ ಬರೆಸಿಕೊಳ್ಳಿ. ಆನ್‌ಲೈನಿನಲ್ಲಿ ಎರಡು ಸಾವಿರ ಕಡಿಮೆ ಸಿಕ್ಕಿದರೂ, ಹಳ್ಳಿಗೆ ಬರುವ ಹೊತ್ತಿಗೆ ಒಡೆದ ಪರದೆಯನ್ನು ವಾಪಸು ಮಾಡುವ ಪಾಡು ಎರಡು ಸಾವಿರಕ್ಕಿಂತ ಹೆಚ್ಚಿನದು. ಅಂಗಡಿಯಲ್ಲೇ ನಿಮಗೆ ಕೊಡುವ ಪೆಟ್ಟಿಗೆ ಬಿಚ್ಚಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರ ಹಾಕಿಸಿ ಚುಕ್ಕೆ, ಗೆರೆ ಇದೆಯೇ ನೋಡಿ. ಆಮೇಲೆ ಆಯನೂರು, ರಿಪ್ಪನ್‌ಪೇಟೆ ದಾಟಿ ಬರುವ ದಾರಿಯುದ್ದಕ್ಕೂ ಪೆಟ್ಟಿಗೆ ನಿಂತೇ ಬರಬೇಕು. ಪಿಕಪ್ಪಿನಲ್ಲಿ ಮಲಗಿಸಿದರೆ ಒಂದೊಂದು ಗುಂಡಿಗೂ ಪರದೆಯ ನಡುಭಾಗ ಬಾಗುತ್ತದೆ, ಅದರ ಮೇಲೆ ಯಾರಾದರೂ ಹಿಂಡಿಚೀಲ ಒರಗಿಸಿದರೆ ಮುಗಿಯಿತು. ಸೀಟಿನ ಬೆನ್ನಿಗೆ ಒರಗಿಸಿ, ಎರಡೂ ಬದಿಗೆ ದಿಂಬು ಕೊಟ್ಟು, ಒಬ್ಬರು ಹಿಡಿದು ಕೂರಲಿ. ಮಳೆಯಲ್ಲಿ ತಂದಿದ್ದರೆ ಮನೆ ತಲುಪಿದೊಡನೆ ಮಕ್ಕಳು ಎಷ್ಟೇ ಕುಣಿದರೂ ಪ್ಲಗ್ ಹಾಕಬೇಡಿ. ಪೆಟ್ಟಿಗೆಯಿಂದ ತೆಗೆದು ಎರಡು ಮೂರು ಗಂಟೆ ಹಾಲಿನಲ್ಲಿ ಆರಲು ಬಿಟ್ಟು, ಆಮೇಲೆ ಹಾಕಿ.